ಹಿಡಿಗೆ ಸುತ್ತಿದ ನೀಲಿ ರಬ್ಬರ್ ಬ್ಯಾಂಡ್

"ಇವತ್ತು ಇದು ಕೈಕೊಟ್ರೆ ನಿನ್ನ ಬೋರ್ಷ್ ಸೂಪಿನ ಕಡೆ ಮುಖಾನೂ ಹಾಕಲ್ಲ ಪೋಲ್ಯಾ, ಈಗಲೇ ಹೇಳಿರ್ತೀನಿ."

"ಹಾಗಾದ್ರೂ ಪಾತ್ರೇಲಿ ನಮಗೊಂದಿಷ್ಟು ಉಳಿಯುತ್ತೆ. ಟಾರ್ಚ್ ನೆಟ್ಟಗೆ ಹಿಡಿ. ನನ್ನ ಮೂಗಿಗಲ್ಲ ಮಾರಾಯ, ಕ್ಲಚ್ಚಿಗೆ!"

ಬೆಳಗಿನ ಆರೂಕಾಲು. ಸ್ಲೋಕನ್ ಕಣಿವೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊರಗೆ ಶೂನ್ಯಕ್ಕಿಂತ ಹದಿನಾಲ್ಕು ಡಿಗ್ರಿ ಕೆಳಗಿನ ಚಳಿ. ಷೆಡ್ಡಿನೊಳಗೆ, ಕಟ್ಟಿಗೆ ಒಲೆಯ ಪಕ್ಕ, ಅರವತ್ಮೂರು ವರ್ಷದ ಪೋಲ್ಯಾ ಕೂಚಿನ್ ಹಿಮಬೈಕೊಂದರ ಮುಂದೆ ಮಂಡಿಯೂರಿದ್ದಾರೆ. ಮುಂದಿನ ಚಕ್ರ ಕಳಚಿ ಅಗಲವಾದ ಸ್ಕೀ, ಹಿಂದಿನ ಚಕ್ರ ಕಳಚಿ ಹಲ್ಲುಹಲ್ಲಾದ ರಬ್ಬರ್ ಪಟ್ಟಿ ಕೂರಿಸಿದ ಮೋಟಾರ್ ಸೈಕಲ್ ಅದು. ಬಿಚ್ಚಿದ ಕ್ಲಚ್ಚಿನ ತಟ್ಟೆಗಳನ್ನು ಅವರು ಒಂದೊಂದಾಗಿ ಎತ್ತುತ್ತಾರೆ, ದಪ್ಪ ಅಳೆಯುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ. ಉಕ್ಕಿನ ತಟ್ಟೆ ನೀಲಿಯಾಗಿದ್ದರೆ, ಎಣ್ಣೆ ಸುಟ್ಟ ವಾಸನೆ ಬಂದರೆ, ಕ್ಲಚ್ ಜಾರಿ ಜಾರಿ ಕಾದಿದೆ ಎಂದರ್ಥ. ಇವತ್ತು ಎರಡೂ ಇಲ್ಲ.

ಟಾರ್ಚ್ ಹಿಡಿದವರು ಡ್ವೈಟ್ ಹಾಲ್ಟನ್. ಇಪ್ಪತ್ತಾರು ಚಳಿಗಾಲಗಳಿಂದ ಪ್ರತಿ ತಿಂಗಳ ಮೊದಲ ದಿನ ಹೆರಾನ್ ಗುಡ್ಡ ಹತ್ತಿ, ಉದ್ದನೆ ಕೊಳವೆ ಚುಚ್ಚಿ, ಹಿಮದ ಆಳ ಮತ್ತು ತೂಕ ಬರೆದು ತರುವುದು ಅವರ ಕೆಲಸ. ಬೇಸಿಗೆಯಲ್ಲಿ ಹೊಳೆ ಎಷ್ಟು ಉಕ್ಕುತ್ತದೆ ಎಂದು ಕೆಳಗಿನ ಊರುಗಳಿಗೆ ಅಂದಾಜಾಗುವುದು ಆ ಲೆಕ್ಕದಿಂದ. ಆದರೆ ಮರದ ಮಿಲ್ಲಿನಲ್ಲಿ ಅವರ ಎಡಗೈಯ ಮೂರು ಬೆರಳು ಹೋಗಿವೆ. ವಯಸ್ಸಾದಂತೆ ಉಳಿದೆರಡು ಬೆರಳೂ ಚಳಿಗೆ ಮರಗಟ್ಟುತ್ತವೆ. ಕ್ಲಚ್ ಒತ್ತುವ ಮಾತೇ ಇಲ್ಲ. ಅದಕ್ಕೇ ಪೋಲ್ಯಾ ಈ ಬೈಕಿಗೆ ತಾನಾಗಿ ಹಿಡಿದು ಬಿಡುವ ಕ್ಲಚ್ ಕೂರಿಸಿದ್ದಾರೆ. ಹಿಮದ ಲೆಕ್ಕ ತರಿಸಿಕೊಳ್ಳುವ ಕಚೇರಿಯಿಂದ ಇವತ್ತು ಮಾರ್ನಿ ಎಂಬ ಅಧಿಕಾರಿ ಬರುತ್ತಿದ್ದಾರೆ. ಅವರೆದುರು ಡ್ವೈಟ್ ಕಡಿದಾದ ಏರಿನಲ್ಲಿ ಮೂರು ಕಡೆ ಬೈಕು ನಿಲ್ಲಿಸಿ, ಮೂರು ಸಲವೂ ಹಿಂದೆ ಜಾರದೆ ಹೊರಟು ತೋರಿಸಬೇಕು. ಆಗದಿದ್ದರೆ ಆ ಗುಡ್ಡ ಇನ್ನು ಹೆಲಿಕಾಪ್ಟರಿನವರ ಪಾಲು.

"ಹೆಲಿಕಾಪ್ಟರ್ ಬಂದು ನನ್ನ ಗುಡ್ಡ ಅಳೆಯೋದಂತೆ," ಡ್ವೈಟ್ ಗೊಣಗುತ್ತಾರೆ. "ಅಲ್ಲಿ ಯಾವ ಮರದ ಬುಡದಲ್ಲಿ ಹಳ್ಳ ಇದೆ ಅಂತ ಅದಕ್ಕೇನು ಗೊತ್ತು?"

ಪೋಲ್ಯಾ ಈ ವಿದ್ಯೆಯನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ಅದೇ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಗರಗಸದ ಹಲ್ಲು ಸಾಣೆ ಹಿಡಿದರು. ಮಿಲ್ಲು ಮುಚ್ಚಿದ ಮೇಲೆ ಊರವರ ಮರ ಕೊಯ್ಯುವ ಯಂತ್ರಗಳನ್ನು ರಿಪೇರಿ ಮಾಡುತ್ತ ಕೂತರು. "ಅದರಲ್ಲೂ ಇದೇ ಕಥೆ," ಎನ್ನುತ್ತಾರೆ. "ಎಂಜಿನ್ ಸುಮ್ನೆ ಗುರುಗುಡ್ತಿದ್ರೆ ಚೈನು ತಿರುಗಲ್ಲ. ಜೋರು ಮಾಡಿದ್ರೆ ಒಳಗಿನ ತೂಕ ಹೊರಕ್ಕೆ ಸಿಡಿದು ಕಚ್ಕೊಳ್ಳುತ್ತೆ, ಚೈನು ಓಡುತ್ತೆ. ತಾನಾಗಿ ಹಿಡಿಯೋ ಕ್ಲಚ್ ಅಂದ್ರೆ ಅಷ್ಟೇ. ಕೈಯಲ್ಲಿ ಮಾಡೋ ಕೆಲಸಾನ ತಿರುಗೋ ವೇಗ ಮಾಡುತ್ತೆ."

ಅಷ್ಟೇ ಎಂದರೂ ಅಷ್ಟು ಸುಲಭವಲ್ಲ. ಡ್ವೈಟ್ ಮೊದಲು ತಂದಿದ್ದು ಯಾರೋ ಮರಳಿನ ಮೇಲೆ ಓಡಿಸಿ ಬಿಟ್ಟ ಹಳೆಯ ಕ್ಲಚ್. ಪೋಲ್ಯಾ ಅದನ್ನು ಕೈಯಿಂದಲೂ ಮುಟ್ಟಲಿಲ್ಲ. ಎದೆಮಟ್ಟದ ಹಿಮದಲ್ಲಿ ರಬ್ಬರ್ ಪಟ್ಟಿ ಎಳೆಯುವ ಭಾರ ಚಕ್ರದ ಭಾರದಂತಲ್ಲ. ಅದನ್ನು ಹಂಚಿಕೊಳ್ಳಲು ತೆಳುವಾದ, ಹೆಚ್ಚು ತಟ್ಟೆಗಳಿರುವ ಜೋಡಣೆಯೇ ಬೇಕು. ಆಮೇಲೆ ಸ್ಪ್ರಿಂಗು. ಮೆದುವಾದರೆ ಕ್ಲಚ್ ಬೇಗ ಕಚ್ಚಿ, ನಿಂತ ಬೈಕೇ ತೆವಳುತ್ತದೆ. ಬಿಗಿಯಾದರೆ ತಡವಾಗಿ ಕಚ್ಚಿ, ಅಷ್ಟು ಹೊತ್ತೂ ಜಾರಿ ಸುಡುತ್ತದೆ. ಮೂರು ಥರದ ಸ್ಪ್ರಿಂಗು ಹಾಕಿ ತೆಗೆದು, ಎರಡು ಚಳಿಗಾಲ ಕಳೆದ ಮೇಲೆ ನಡುವಿನದು ನಿಂತಿತು.

ಕಣಿವೆಯಲ್ಲೀಗ ಮೂವತ್ತೊಂದು ಹಿಮಬೈಕುಗಳಿವೆ. ಈ ಚಳಿಗಾಲದಲ್ಲಿ ಪೋಲ್ಯಾ ಬಿಚ್ಚಿ ಕೂಡಿಸಿದ ಕ್ಲಚ್ಚುಗಳು ನಲವತ್ತೊಂದು. ಒಂದೊಂದಕ್ಕೆ ಮೂರು ಗಂಟೆ. ಹೊಸ ತಟ್ಟೆಗಳು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಯಬೇಕು, ಹತ್ತು ಗಂಟೆ ಓಡಿದ ಬೈಕಿಗೆ ಎಣ್ಣೆ ಬದಲಾಗಬೇಕು. "ಹನ್ನೊಂದು ಗಂಟೆ ಆಯ್ತು ಅಂತ ಬಂದ್ರೆ ಬೈತಾಳೆ," ಎಂದು ಡ್ವೈಟ್ ದೂರುತ್ತಾರೆ. "ಹನ್ನೆರಡು ಆಗಿದ್ರೆ ನಾನು ಹನ್ನೊಂದು ಅಂತೀನಿ."

"ಎಣ್ಣೆ ನೋಡಿದ್ರೆ ನನಗೆ ಗೊತ್ತಾಗಲ್ವೇನೋ?"

ಕ್ಲಚ್ಚಿನ ಮುಚ್ಚಳ ಕೂರಿಸಿ ಆಯಿತು. ಇನ್ನುಳಿದದ್ದು ರಬ್ಬರ್ ಬ್ಯಾಂಡಿನ ಪರೀಕ್ಷೆ. ಬೋರ್ಷಿಗೆ ತಂದ ಈರುಳ್ಳಿ ಸೊಪ್ಪಿನ ಕಟ್ಟಿನಿಂದ ಬಿಡಿಸಿದ ನೀಲಿ ಬ್ಯಾಂಡುಗಳು ಪೋಲ್ಯಾ ಅವರ ಮಣಿಕಟ್ಟಿನಲ್ಲಿ ಬಳೆಗಳಂತಿವೆ. ಒಂದನ್ನು ತೆಗೆದು ಕ್ಲಚ್ಚಿನ ಲಿವರಿಗೂ ಹಿಡಿಗೂ ಸೇರಿಸಿ ಸುತ್ತುತ್ತಾರೆ. ಎಂಜಿನ್ ಬೆಚ್ಚಗಾಗಲು ಬಿಟ್ಟು, ಡ್ವೈಟ್ ಕಡೆ ತಿರುಗುತ್ತಾರೆ. "ಹೇಳು."

"ನ್ಯೂಟ್ರಲ್," ಡ್ವೈಟ್ ಮುಲುಗುತ್ತಾರೆ.

"ಕೇಳಿಸ್ಲಿಲ್ಲ."

"ನ್ಯೂಟ್ರಲ್!"

ಕೂಗಲೇಬೇಕೆಂಬ ಈ ನಿಯಮಕ್ಕೆ ಕಾರಣ ಡ್ವೈಟ್ ಅವರೇ. ಈ ಕ್ಲಚ್ ಇದ್ದರೆ ಗೇರಿನಲ್ಲಿದ್ದರೂ ಬೈಕು ಸಾಧುವಿನಂತೆ ನಿಂತು ಗುರುಗುಡುತ್ತದೆ. ಹೋದ ವರ್ಷ ಸಮುದಾಯ ಭವನದ ಮುಂದೆ, ನಾಲ್ಕು ಜನರಿಗೆ ಪರೀಕ್ಷೆ ಮಾಡಿ ತೋರಿಸುತ್ತೇನೆಂದು ಹೋಗಿ, ಗೇರಿನಲ್ಲಿದ್ದುದನ್ನು ಮರೆತು ಪಕ್ಕದಲ್ಲಿ ನಿಂತೇ ಆಕ್ಸಿಲರೇಟರ್ ತಿರುವಿದರು. ಬೈಕು ಒಂಟಿಯಾಗಿ ಓಡಿತು. ಬೋರ್ಷಿನ ದೊಡ್ಡ ಪಾತ್ರೆಯನ್ನು ಗೇಣಿನಲ್ಲಿ ತಪ್ಪಿಸಿ, ಕಟ್ಟಿಗೆ ರಾಶಿಗೆ ಸ್ಕೀ ತೂರಿಸಿಕೊಂಡು ನಿಂತಿತು. "ಅದಕ್ಕೆ ಇವನಿಗಿಂತ ಬುದ್ಧಿ ಇತ್ತು. ಪಾತ್ರೆಗೆ ಬಡೀಲಿಲ್ಲ," ಎಂದು ಪೋಲ್ಯಾ ಇವತ್ತಿಗೂ ನಗುತ್ತಾರೆ.

ಈಗ ಅವರು ಆಕ್ಸಿಲರೇಟರ್ ಒಮ್ಮೆ ತಿರುವಿ ಬಿಡುತ್ತಾರೆ. ಒಳಗೆ ತೂಕ ಹೊರಕ್ಕೆ ಸಿಡಿದ ಗಳಿಗೆಯಲ್ಲಿ ಬ್ಯಾಂಡ್ ಲಿವರನ್ನು ಬಾರ್ಲಿ ಕಾಳಿನಷ್ಟು ಒಳಕ್ಕೆ ಎಳೆದು, ಮತ್ತೆ ಬಿಡುತ್ತದೆ. ಅಷ್ಟು ಆಡಿದರೆ ಸರಿ. ಆಡದಿದ್ದರೆ ಕ್ಲಚ್ ಜಾರುತ್ತದೆ, ಹೆಚ್ಚು ಆಡಿದರೆ ಪೂರ್ತಿ ಬಿಡದೆ ನಿಂತ ಬೈಕನ್ನೂ ಎಳೆಯುತ್ತದೆ.

"ಹೋಗು. ಬ್ಯಾಂಡ್ ವಾಪಸ್ ಕೊಟ್ಟು ಹೋಗು."

ಏಳೂವರೆಗೆ ಮಾರ್ನಿ ಬರುತ್ತಾರೆ, ಸ್ವಂತ ಹಿಮಬೈಕಿನಲ್ಲೇ. ಡ್ವೈಟ್ ಮುಂದೆ, ಅವರು ಹಿಂದೆ. ಇಬ್ಬರೂ ಮರಗಳ ನಡುವೆ ಮರೆಯಾದ ಮೇಲೆ ಪೋಲ್ಯಾ ಒಳಗೆ ಹೋಗುವುದಿಲ್ಲ. ಟೋಪಿಯ ಒಂದು ಕಿವಿ ಮೇಲೆತ್ತಿ ಬಾಗಿಲಲ್ಲೇ ನಿಲ್ಲುತ್ತಾರೆ. ಗುಡ್ಡ ಕಾಣುವುದಿಲ್ಲ, ಕೇಳಿಸುತ್ತದೆ.

ಸದ್ದು ಇಳಿಯುತ್ತದೆ, ಏರುತ್ತದೆ. "ಒಂದು," ಎನ್ನುತ್ತಾರೆ. "ಚೀರಲಿಲ್ಲ. ಜಾರಿದ್ರೆ ಚೀರುತ್ತೆ." ಮತ್ತೊಮ್ಮೆ ಇಳಿದು ಏರುತ್ತದೆ. "ಎರಡು." ಮೂರನೆಯ ಸಲ ಇಳಿದ ಸದ್ದು ಏರುವುದೇ ಇಲ್ಲ. ಐದು ನಿಮಿಷ. ಎಂಟು. ಪೋಲ್ಯಾ ಮಣಿಕಟ್ಟಿನ ಬ್ಯಾಂಡನ್ನು ಎಳೆದು ಬಿಡುತ್ತಾರೆ, ಎಳೆದು ಬಿಡುತ್ತಾರೆ. "ಕೆಟ್ಟಾಗ ಮಾತ್ರ ನನ್ನ ಹೆಸರು ನೆನಪಾಗುತ್ತೆ ಜನಕ್ಕೆ," ಎನ್ನುತ್ತಾರೆ ಮೆಲ್ಲಗೆ. "ಅವನು ಒಂದು ದಿನವೂ ಮೇಲೆ ನನ್ನನ್ನ ನೆನೆಸ್ಕೋಬಾರ್ದು ಅಂತಲೇ ನನ್ನ ಆಸೆ."

ಹದಿಮೂರನೆಯ ನಿಮಿಷಕ್ಕೆ ಸದ್ದು ಏರುತ್ತದೆ. ಚೀರದೆ.

ಹತ್ತೂವರೆಗೆ ಇಬ್ಬರೂ ಇಳಿದು ಬರುತ್ತಾರೆ. ಮಾರ್ನಿಗೆ ಕುತ್ತಿಗೆಯವರೆಗೂ ಹಿಮ. ಡ್ವೈಟ್ ಮುಖದಲ್ಲಿ ನಗು ಹಿಡಿಸುತ್ತಿಲ್ಲ.

"ಮೂರನೇದ್ರಲ್ಲಿ ಏನಾಯ್ತೋ?" ಪೋಲ್ಯಾ ಗದರುತ್ತಾರೆ.

"ನನಗೇನೂ ಆಗ್ಲಿಲ್ಲ. ಇನ್ನೇನು ಹೊರಡ್ಬೇಕು ಅಂತಿದ್ದೆ. ಹಿಂದೆ ನೋಡಿದ್ರೆ ಮೇಡಂ ಬೈಕು ಆಫಾಗಿ, ಅವರು ಅದರ ಕೆಳಗಿದ್ರು. ಇಳಿದು ಹೋಗಿ ಎಳೆದೆ. ಇದೇ ಎರಡು ಬೆರಳಲ್ಲಿ."

"ಒಂದೂವರೆ ಕೈಯಲ್ಲಿ ಅನ್ನಿ," ಮಾರ್ನಿ ಹಿಮ ಕೊಡವುತ್ತ ನಗುತ್ತಾರೆ. "ಕ್ಲಚ್ ಬಿಡೋದು ಒಂಚೂರು ಬೇಗ ಆಯ್ತು, ಎಂಜಿನ್ ನಿಂತುಹೋಯ್ತು. ಗುಡ್ಡ ನಿಮ್ಮದೇ ಡ್ವೈಟ್, ಕಾಗದದಲ್ಲಿ ಹಾಗೇ ಬರೀತೀನಿ. ಪೋಲ್ಯಾ, ನನ್ನದಕ್ಕೂ ಇಂಥದ್ದೇ ಹಾಕಿಕೊಡ್ತೀರಾ?"

"ಹಾಕೋಣ. ಮೊದಲು ಬೋರ್ಷ್ ಕುಡೀರಿ, ತುಟಿ ನೀಲಿಯಾಗಿದೆ."

"ನಾನೂ ಕುಡೀಬಹುದಾ?" ಡ್ವೈಟ್ ಕೇಳುತ್ತಾರೆ.

"ನೀನು ಆಮೇಲೆ. ಮೊದಲು ಹೇಳು."

"ನ್ಯೂಟ್ರಲ್!" ಡ್ವೈಟ್ ಜತೆ ಮಾರ್ನಿಯೂ ಕೂಗುತ್ತಾರೆ.

ಪೋಲ್ಯಾ ಮಣಿಕಟ್ಟಿನಿಂದ ನೀಲಿ ಬ್ಯಾಂಡ್ ತೆಗೆದು ಲಿವರಿಗೆ ಸುತ್ತಿ, ಆಕ್ಸಿಲರೇಟರ್ ತಿರುವಿ ಬಿಡುತ್ತಾರೆ. ಲಿವರು ಬಾರ್ಲಿ ಕಾಳಿನಷ್ಟು ಒಳಕ್ಕೆ ಬಾಗಿ, ಬೆಳಿಗ್ಗೆ ಇದ್ದಲ್ಲಿಗೇ ಬಂದು ನಿಲ್ಲುತ್ತದೆ.