ಸೋಮವಾರದ ಮೂಸಂಬಿ

ಕರಿಯಯ್ಯನ ನಾಲಿಗೆಯ ಬಗ್ಗೆ ಹದಿನಾರು ಎಂಬ ಆ ಊರಿನಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಯಾರ ಮನೆಯಲ್ಲಿ ಉಂಡರೂ ಏಳುವ ಮೊದಲು ಒಂದು ಹುಳುಕು ತೆಗೆಯದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಬೀಗರೂಟಕ್ಕೆ ಕರೆದವರು ಅವನನ್ನು ಕೊನೆಯ ಪಂಕ್ತಿಗೆ ತಳ್ಳುತ್ತಿದ್ದರು, ಬೈದರೂ ಕೇಳಿಸಿಕೊಳ್ಳುವವರು ಕಡಿಮೆಯಿರಲಿ ಅಂತ. ಹೆಂಡತಿ ಶಿವನಂಜಮ್ಮನ ಪಾಡಂತೂ ಕೇಳಲೇಬೇಡಿ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಮಧ್ಯಾಹ್ನ ಮುದ್ದೆ ಮುರಿದು ಸಾರಿಗೆ ಅದ್ದಿದ ಕೂಡಲೇ ಅವನ ಬಾಯಿಂದ ಬರುವ ಮಾತು ಒಂದೇ: ಉಪ್ಪು ಕಮ್ಮಿ.

ಅದೇ ನಾಲಿಗೆ ಒಂದು ಕಾಲಕ್ಕೆ ವಿಜ್ಞಾನದ ಕೆಲಸ ಮಾಡಿತು ಅಂದರೆ ನೀವು ನಂಬಲಾರಿರಿ. ನಂಬಬೇಡಿ, ಆದರೆ ಕೇಳಿ.

ಊರಾಚೆ ಒಂದು ಮೂಸಂಬಿಯ ಪ್ರಯೋಗದ ತೋಟವಿತ್ತು. ಕರಿಯಯ್ಯ ಅಲ್ಲಿ ಹನ್ನೊಂದು ವರ್ಷದಿಂದ ದಿನಗೂಲಿ. ತೊಂಬತ್ತೆಂಟರಲ್ಲಿ ಡಾಕ್ಟರೇಟ್ ಮಾಡಲು ಸರ್ವಮಂಗಳಾ ಎಂಬ ಹುಡುಗಿ ಮೈಸೂರಿನಿಂದ ಬಂದಳು. ಮಣ್ಣಿನೊಳಗೆ ಗಾಳಿ ಚೆನ್ನಾಗಿ ಆಡಿದರೆ ಹಣ್ಣಿಗೆ ಸಕ್ಕರೆ ಹೆಚ್ಚು ಕಟ್ಟುತ್ತದೆಯೇ ಎಂಬುದು ಅವಳ ಪ್ರಶ್ನೆ. ಸಾಲಾಗಿದ್ದ ಇಪ್ಪತ್ನಾಲ್ಕು ಗಿಡಗಳ ಬುಡದಲ್ಲಿ ತೂತು ಕೊರೆದ ಪೈಪು ಹೂಳಿಸಿದಳು. ಗುರುವಾರಕ್ಕೊಮ್ಮೆ ಬಸ್ಸಿಳಿದು ಬಂದು ಮಣ್ಣಿನ ಗಾಳಿ ಅಳೆಯುವುದು ಅವಳ ಕೆಲಸ. ಹಣ್ಣಿನ ಕಾಲದಲ್ಲಿ ದಿನಾ ಗಿಡಕ್ಕೊಂದು ಹಣ್ಣು ಕಿತ್ತು ಸಕ್ಕರೆ ಅಳೆಯುವುದು ಕರಿಯಯ್ಯನ ಕೆಲಸ. ಅದಕ್ಕೊಂದು ಗೇಣುದ್ದದ ಕೊಳವೆ ಕೊಟ್ಟಿದ್ದರು. ತುದಿಯ ಗಾಜಿಗೆ ಒಂದು ತೊಟ್ಟು ರಸ ಬಿಟ್ಟು, ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಒಳಗೆ ಅಂಕಿ ಕಾಣುತ್ತಿತ್ತು. ಈ ಕೆಲಸ ನೆಟ್ಟಗೆ ಮಾಡು, ಕಾಯಂ ಆಗುವವರ ಪಟ್ಟಿಯಲ್ಲಿ ನಿನ್ನದೇ ಮೊದಲ ಹೆಸರು ಎಂದು ತೋಟದ ಸಾಹೇಬರು ಹೇಳಿದ್ದರು.

ಎರಡನೇ ತಿಂಗಳಲ್ಲೇ ಕೊಳವೆ ಕೈಜಾರಿ ಕಲ್ಲಿನ ಮೇಲೆ ಬಿತ್ತು. ಎತ್ತಿ ನೋಡಿದರೆ ಒಳಗೆ ಬರೀ ಮಂಜು. ಬಾಯಿ ಬಿಟ್ಟರೆ ಹನ್ನೊಂದು ವರ್ಷದ ಆಸೆ ಮಣ್ಣುಪಾಲು. ಆದರೆ ಅಷ್ಟು ದಿನ ಅಂಕಿ ನೋಡಿ ನೋಡಿ ಉಳಿದ ಹಣ್ಣನ್ನು ತಿಂದಿದ್ದ ಆಸಾಮಿ ಅವನು. ಯಾವ ರುಚಿಗೆ ಹತ್ತು, ಯಾವುದಕ್ಕೆ ಹತ್ತೂವರೆ ಎಂದು ನಾಲಿಗೆಗೆ ಬಾಯಿಪಾಠವಾಗಿತ್ತು. ಸರಿ, ಅಂದಿನಿಂದ ನೋಡುವವರಿಗಾಗಿ ಕೊಳವೆ ಕಣ್ಣಿಗೆ, ಬರೆಯುವುದಕ್ಕಾಗಿ ಹಣ್ಣು ಬಾಯಿಗೆ. ಸುಳ್ಳೇಕೆ ಹೇಳಬೇಕು, ಬೆಳಗಿನ ಹೊತ್ತು ಅರ್ಧ ಅಂಕಿಯೂ ತಪ್ಪುತ್ತಿರಲಿಲ್ಲ. ಹನ್ನೆರಡು ಗಿಡ ಮುಗಿಸಿ, ಬದುವಿನ ಮೇಲೆ ಕೂತು, ದಿನದ ಮೊದಲ ಎಲೆಅಡಿಕೆಗೆ ಸುಣ್ಣ, ಹೊಗೆಸೊಪ್ಪಿನ ಕಡ್ಡಿಪುಡಿ ಸೇರಿಸಿ ಸಾವಕಾಶವಾಗಿ ಅಗಿದು ಉಗಿದು, ಆಮೇಲೆ ಹದಿಮೂರನೇ ಗಿಡಕ್ಕೆ ಏಳುತ್ತಿದ್ದ. ಸೋಮವಾರ ಮಾತ್ರ ನಂಜುಂಡೇಶ್ವರನ ವ್ರತ. ಊಟ ಬಿಡುತ್ತಿರಲಿಲ್ಲ, ಆದರೆ ಸಂಜೆ ದೀಪ ಹಚ್ಚುವವರೆಗೆ ಎಲೆಅಡಿಕೆ ಮುಟ್ಟುತ್ತಿರಲಿಲ್ಲ.

ಹೀಗೆ ಎರಡು ಬೆಳೆ ಕಳೆದವು. ಎರಡು ಸಾವಿರದ ಇಸವಿಯಲ್ಲಿ ಸರ್ವಮಂಗಳಾ ಎಲ್ಲ ಅಂಕಿಗಳನ್ನೂ ಒಂದು ದೊಡ್ಡ ಹಾಳೆಯ ಮೇಲೆ ಗೆರೆಯಾಗಿ ಎಳೆದು ಸಾಹೇಬರ ಮೇಜಿನ ಮೇಲೆ ಹರವಿದಳು. ಹನ್ನೆರಡನೇ ಗಿಡದವರೆಗೆ ಗೆರೆ ನೆಟ್ಟಗಿತ್ತು. ಹದಿಮೂರರಿಂದ ಸಕ್ಕರೆ ಎರಡು ಅಂಕಿ ಕುಸಿದಿತ್ತು. ಕಳೆ ತೆಗೆಯುವ ಒಂಬತ್ತು ಹೆಂಗಸರು ಓಡಾಡುವುದು, ಕೂತು ಉಣ್ಣುವುದು ಎಲ್ಲ ಆ ಕಡೆಯೇ. ತುಳಿದು ಗಟ್ಟಿಯಾದ ಮಣ್ಣಿನಲ್ಲಿ ಗಾಳಿಯೂ ಕಡಿಮೆ ಎಂದು ಅವಳ ಪೈಪುಗಳು ಹೇಳಿದ್ದವು. ಇನ್ನೂ ಸೋಜಿಗವೆಂದರೆ ಸೋಮವಾರ ಆ ಕುಸಿತವೇ ಇರಲಿಲ್ಲ. ಭಾನುವಾರ ರಜಾ, ಯಾರೂ ತುಳಿಯುವುದಿಲ್ಲ, ಮಣ್ಣು ಉಸಿರಾಡುತ್ತದೆ. ತಿಂಗಳುಗಟ್ಟಲೆ ಮರದಲ್ಲಿ ತೂಗುವ ಹಣ್ಣು ಒಂದೇ ದಿನದ ಉಸಿರಿಗೆ ಸಿಹಿಯಾಗುವುದುಂಟೇ ಎಂದು ಅವಳಿಗೆ ಒಳಗೇ ಅನುಮಾನವಿತ್ತು. ಸಾಹೇಬರಿಗೆ ಅಂಥ ಕಾಯಿಲೆ ಇರಲಿಲ್ಲ. ಮೇಜು ಗುದ್ದಿ, ಭೇಷ್ ಎಂದು, ಬರುವ ತಿಂಗಳಿಂದ ಕಳೆಗೆ ಔಷಧಿ ಹೊಡೆಸಿ, ಹೆಂಗಸರು ಬೇಡ ಎಂದುಬಿಟ್ಟರು.

ಶಾಬಾಸ್‌ಗಿರಿ ಕೊಡಲು ಕರಿಯಯ್ಯನನ್ನೂ ಕರೆಸಿದ್ದರು. ಅವನು ದವಡೆಯಲ್ಲಿ ಎಲೆಅಡಿಕೆ ಒತ್ತಿಕೊಂಡು ಹಾಳೆ ನೋಡಿದ. ಸೋಮವಾರ ಮೇಲೆ, ಮಿಕ್ಕ ದಿನ ಕೆಳಗೆ. ಮತ್ತೆ ಸೋಮವಾರ ಮೇಲೆ. ಅಗಿಯುವುದು ತಾನಾಗಿ ನಿಂತಿತು. ಅದು ಮಣ್ಣಿನ ಉಸಿರಲ್ಲ, ತನ್ನ ಬಾಯಿ ಎಂದು ಅವನಿಗೆ ನಿಂತಲ್ಲೇ ತಿಳಿದುಹೋಯಿತು. ಆ ಒಂಬತ್ತು ಹೆಂಗಸರ ಮೇಸ್ತ್ರಿ ಶಿವನಂಜಮ್ಮನೇ. ಹೊರಗೆ ಬಂದು ಬಾಯಲ್ಲಿದ್ದುದನ್ನು ಉಗಿದ.

ರಾತ್ರಿ ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕಾಲು ಚಾಚಿ ಕೂತು ಒಡೆದ ಹಿಮ್ಮಡಿಗಳನ್ನೇ ನೋಡುತ್ತಿದ್ದಳು.

“ನಮ್ ಕಾಲ್ ತುಳ್ದಿದ್ಕೆ ಅಣ್ಣು ಸಪ್ಗಾಯ್ತಾ? ನಿಜ ಯೋಳು.”

ಮಿಷನ್ನು ಹಾಗೆ ಹೇಳುತ್ತದೆ ಎಂದ ಕರಿಯಯ್ಯ. ಅವಳು ಎದ್ದು ತಟ್ಟೆ ಇಟ್ಟಳು. ಎಲೆಅಡಿಕೆ ಉಗಿದು ಆಗಲೇ ಬಹಳ ಹೊತ್ತಾಗಿತ್ತು. ಅವನು ತಲೆ ಬಗ್ಗಿಸಿ ಉಂಡ, ಉಪ್ಪಿನ ಮಾತೇ ಎತ್ತಲಿಲ್ಲ. ತನ್ನ ಕಾಯಂಗೋಸ್ಕರ ಹೆಂಡತಿಯ ಕಾಲಿನ ಮೇಲೆ ಅಪವಾದ ಹೊರಿಸಿದೆನಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಗುರುವಾರ ಸರ್ವಮಂಗಳಾ ಬಂದಾಗ ಹದಿಮೂರನೇ ಗಿಡದ ಹತ್ತಿರ ಹೋಗಿ ಕೊಳವೆಯನ್ನು ಅವಳ ಕೈಗಿಟ್ಟ.

“ಇದು ಒಡ್ದೋಗಿ ಎರಡ್ ವರ್ಸ ಆಯ್ತು ತಾಯಿ. ಬರ್ದಿರದೆಲ್ಲ ನನ್ ನಾಲ್ಗೆ. ಸೋಮ್ವಾರ ನಾನು ಎಲೆಅಡ್ಕೆ ಆಕಲ್ಲ, ಅದ್ಕೇ ಅವತ್ತು ಅಣ್ಣು ಸೀ.”

ಅವಳು ಕೊಳವೆಯೊಳಗೆ ಕಣ್ಣಿಟ್ಟು ನೋಡಿದಳು. ಎರಡು ವರ್ಷ ಕರಿಯಯ್ಯ, ಎಂದಷ್ಟೇ ಹೇಳಿ ಗಿಡದ ಬುಡದಲ್ಲಿ ಕೂತುಬಿಟ್ಟಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮಾರನೇ ದಿನ ಬೇರೆ ಕೊಳವೆ ತಂದು ಅವನ ಮುಂದೆ ಹಣ್ಣಿನ ರಾಶಿ ಸುರಿದಳು. ಎಲೆಅಡಿಕೆಗೆ ಮೊದಲು ಹತ್ತು ಹಣ್ಣು, ಆಮೇಲೆ ಹತ್ತು. ಮೊದಲ ಹತ್ತಕ್ಕೆ ಅವನ ನಾಲಿಗೆಯೂ ಕೊಳವೆಯೂ ಒಂದೇ ಮಾತಾಡಿದವು. ಆಮೇಲಿನ ಹತ್ತಕ್ಕೆ ನಾಲಿಗೆ ಎರಡು ಅಂಕಿ ಕೆಳಗೆ ಬಿತ್ತು. ಹಾಳೆಯಲ್ಲಿದ್ದ ಅದೇ ಗೆರೆ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ತನ್ನ ಎರಡು ವರ್ಷ ನೀರಿಗೆ ಬೀಳುತ್ತದೆ ಎಂದು ಗೊತ್ತಿದ್ದೂ ಆ ಹೆಣ್ಣುಮಗಳು ಹೊಸ ಅಂಕಿ ಬರೆದ ಹಾಳೆಯನ್ನು ಮಡಿಸಿ ಬಚ್ಚಿಡಲಿಲ್ಲ. ಸಾಹೇಬರ ಮುಂದೆ ಹಿಡಿದಳು. ಅದಕ್ಕೆ ಗುಂಡಿಗೆ ಬೇಕು, ಸ್ವಾಮಿ.

ಹೆಂಗಸರು ಉಳಿದರು. ಕರಿಯಯ್ಯನ ಹೆಸರು ಪಟ್ಟಿಯಿಂದ ಹೋಯಿತು, ಮತ್ತೆ ಯಾವತ್ತೂ ಸೇರಲಿಲ್ಲ. ಭೇಷ್ ಎಂದು ಮೇಜು ಗುದ್ದಿದ್ದ ಸಾಹೇಬರು ಆ ಅವಮಾನವನ್ನು ಎಲ್ಲಾದರೂ ಇಳಿಸಬೇಕಲ್ಲ, ಅವನನ್ನು ಕಳೆ ಕೆಲಸಕ್ಕೆ ಅಟ್ಟಿದರು. ಒಂಬತ್ತು ಹೆಂಗಸರ ಹಿಂದೆ ಹತ್ತನೆಯವನಾಗಿ, ಹೆಂಡತಿಯ ಮೇಸ್ತ್ರಿಕೆಯ ಕೆಳಗೆ, ಕುಕ್ಕರುಗಾಲಲ್ಲಿ ಕೂತು ಕೀಳಬೇಕಾಯಿತು. ಊರಿನ ಗಂಡಸರಿಗೆ ಒಂದು ತಿಂಗಳು ಬೇರೆ ಸುದ್ದಿಯೇ ಬೇಕಿರಲಿಲ್ಲ.

ಮೊದಲ ದಿನ ಮಧ್ಯಾಹ್ನ ಎಲ್ಲರೂ ಹದಿಮೂರನೇ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದರು. ಅವಮಾನದಲ್ಲಿ ಕರಿಯಯ್ಯ ಬೆಳಗಿನಿಂದ ಎಲೆಅಡಿಕೆ ಚೀಲ ಬಿಚ್ಚಿರಲಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ.

ಉಪ್ಪು ಹೇಗಿದೆ ಎಂದು ಕೇಳಿದಳು ಶಿವನಂಜಮ್ಮ. ಸರಿಯಾಗಿದೆ ಎಂದ.

“ಇಪ್ಪತ್ತೆರಡ್ ವರ್ಸದಲ್ಲಿ ಸೋಮ್ವಾರ ಒಂದಿನಾನೂ ನೀನು ಉಪ್ಪು ಕಮ್ಮಿ ಅಂದೋನಲ್ಲ,” ಅಂದಳು ಅವಳು. “ಆ ಮೇಡಮ್ಮೋರು ಅಷ್ಟೊಂದ್ ಪೈಪ್ ಊಳ್ಸೋ ಬದ್ಲು ನನ್ನ ಒಂದ್ ಮಾತು ಕೇಳಿದ್ರೆ ನಾನೇ ಯೋಳ್ತಿದ್ದೆ. ನೀನಾದ್ರೂ ಯಾವತ್ತು ಕೇಳ್ದೆ?”

ಉಳಿದ ಎಂಟು ಜನ ತಟ್ಟೆ ಕೆಳಗಿಟ್ಟು ನಕ್ಕರು. ಕರಿಯಯ್ಯ ಖಾಲಿ ತಟ್ಟೆಯನ್ನು ಅವಳ ಮುಂದೆ ಚಾಚಿ ಇನ್ನೊಂದು ಸೌಟು ಸಾರು ಕೇಳಿದ.