ಎರಡು ತಾಲ್ಲೂಕಿನ ಒಂದು ಒಲೆ

1984ರ ಬೇಸಿಗೆಯಲ್ಲಿ ನನ್ನನ್ನು ಕೊಟ್ಟೂರಿಗೆ ಹಾಕಿದರು. ಹುದ್ದೆಯ ಹೆಸರು ನಾನ್-ಮೆಡಿಕಲ್ ಸೂಪರ್‌ವೈಸರ್. ಡಾಕ್ಟರೂ ಅಲ್ಲ, ಕಂಪೌಂಡರೂ ಅಲ್ಲ. ಇದನ್ನು ನಮ್ಮ ಮನೆಯವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಗುತ್ತಿತ್ತು. ಕುಷ್ಠರೋಗ ನಿಯಂತ್ರಣದ ಕೆಲಸದಲ್ಲಿ ಹಳ್ಳಿ ಹಳ್ಳಿ ತಿರುಗಿ ಚರ್ಮದ ಮಚ್ಚೆ ನೋಡುವ ಕಾರ್ಯಕರ್ತರಿರುತ್ತಾರೆ. ಅವರ ಮೇಲೆ ನಿಗಾ ಇಡುವುದು, ರೋಗಿಗಳು ಗುಳಿಗೆ ಬಿಡದಂತೆ ನೋಡಿಕೊಳ್ಳುವುದು, ಗುಣವಾದವರು ಆಮೇಲೆ ಹೇಗಿದ್ದಾರೆಂದು ವಿಚಾರಿಸುವುದು ನನ್ನ ಪಾಲಿಗೆ ಬಂದಿತ್ತು. ಈ ಕಡೆಯದೇ ಎಲ್ಲಕ್ಕಿಂತ ಕಷ್ಟದ ಕೆಲಸ ಎಂಬುದು ನನಗಾಗ ಗೊತ್ತಿರಲಿಲ್ಲ.

ಆ ವರ್ಷ ಜಿಲ್ಲೆಯ ಹೊರಗಿನ ಒಂದು ಕುಷ್ಠರೋಗ ಆಸ್ಪತ್ರೆಯವರು, ಬಹಳ ಕಾಲದಿಂದ ಅಲ್ಲೇ ಉಳಿದಿದ್ದ ನಮ್ಮ ಕಡೆಯ ಕೆಲವರನ್ನು ಮನೆಗೆ ಕಳಿಸಲು ಮುಂದಾದರು. ಅವರ ಸ್ಮಿಯರ್ ನೆಗೆಟಿವ್ ಬಂದಿತ್ತು. ಅಂದರೆ, ಕಿವಿಯ ತುದಿಯಿಂದಲೋ ಹುಬ್ಬಿನಿಂದಲೋ ಚೂರು ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ರೋಗಾಣುವೂ ಕಾಣುತ್ತಿರಲಿಲ್ಲ. ರೋಗ ಹೋಗಿತ್ತು. ಆದರೆ ಅದು ತಿಂದು ಬಿಟ್ಟ ಬೆರಳು, ಕಣ್ಣು, ಪಾದ ಹಾಗೇ ಇದ್ದವು. ಊರಿನವರು ನೋಡುವುದು ಬೆರಳನ್ನೇ ಹೊರತು ಸ್ಮಿಯರನ್ನಲ್ಲ. ಕೆಲವರನ್ನು ಮನೆಯವರು ಕರೆದುಕೊಂಡು ಹೋದರು. ಉಳಿದವರಿಗೆ ಬಾಗಿಲು ತೆರೆಯಲಿಲ್ಲ.

ಇಂಥವರು ಒಂದು ತಾಲ್ಲೂಕಿನವರಾಗಿರಲಿಲ್ಲ. ಹಡಗಲಿಯವನು ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಕೂತರೆ ಕೂಡ್ಲಿಗಿಯವರು ಅವನು ನಮ್ಮವನಲ್ಲ ಎನ್ನುತ್ತಿದ್ದರು. ಹಡಗಲಿಯವರು ನಮ್ಮಲ್ಲಿಲ್ಲವಲ್ಲ ಎನ್ನುತ್ತಿದ್ದರು. ಕೊಟ್ಟೂರು ಆಗ ಕೂಡ್ಲಿಗಿಗೆ ಸೇರಿತ್ತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ನಾಲ್ಕೂ ತಾಲ್ಲೂಕಿನವರನ್ನು ಕೂಡಿಸಿ ಉಪವಿಭಾಗದ ಎ.ಸಿ. ಸಾಹೇಬರು ಒಂದು ಸಮಿತಿ ಮಾಡಿದರು. ಎಲ್ಲರಿಗೂ ನಡುವೆ ಆಗುತ್ತದೆಂದು ಹಗರಿಬೊಮ್ಮನಹಳ್ಳಿಯಲ್ಲಿ ಸಭೆ. ಸರಕಾರದ ಜನತಾ ಮನೆಗಳಲ್ಲಿ ಕೆಲವನ್ನು ಇವರಿಗೆ ಕೊಡುವುದು, ದಿನಕ್ಕೊಮ್ಮೆ ಬಂದು ನೀರು ತುಂಬಿ, ಗಾಯ ಇದ್ದರೆ ತೊಳೆದು ಹೋಗುವ ಒಬ್ಬ ಸಹಾಯಕಿಯನ್ನು ಪ್ರತಿ ಊರಿಗೂ ಗೊತ್ತುಮಾಡುವುದು ಎಂದು ತೀರ್ಮಾನವಾಯಿತು. ಊರಾಚೆ ಕಾಲೊನಿ ಬೇಡ, ಜನರ ನಡುವೆಯೇ ಇರಲಿ ಎಂಬುದೂ ನಿಕ್ಕಿಯಾಯಿತು. ಒಳ್ಳೆಯ ಯೋಜನೆ. ಅದಕ್ಕೊಂದು ಷರತ್ತಿತ್ತು: ಯಾವ ತಾಲ್ಲೂಕಿನವರೋ ಅವರು ಅದೇ ತಾಲ್ಲೂಕಿನ ಮನೆಯಲ್ಲಿರಬೇಕು, ಅವರ ಹೊಣೆ ಆ ತಾಲ್ಲೂಕಿನದು. ಜಗಳಕ್ಕೆ ಎಡೆಯಿಲ್ಲದ ಮಾತು. ಎಲ್ಲರೂ ತಲೆದೂಗಿದರು.

ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿ ಕಡೆಯ ಹನುಮವ್ವನಿಗೆ ಕೊಟ್ಟೂರಿನಲ್ಲಿ ಮನೆ ಸಿಕ್ಕಿತು. ಐವತ್ತರ ಆಸುಪಾಸಿನ ಹೆಂಗಸು. ಎರಡೂ ಕೈಯ ಬೆರಳುಗಳು ಬುಡದವರೆಗೆ ಸವೆದಿದ್ದವು. ಅಂಗೈಗೂ ಅಂಗಾಲಿಗೂ ಸ್ಪರ್ಶವಿರಲಿಲ್ಲ. ಕಣ್ಣು ಮಾತ್ರ ಹದ್ದಿನ ಕಣ್ಣು. ಹರಪನಹಳ್ಳಿಯ ಫಾತಿಮಾಬಿಗೆ ಹರಪನಹಳ್ಳಿಯಲ್ಲೇ ಮನೆ ಸಿಕ್ಕಿತು. ಆಕೆಯ ತಮ್ಮ ಮಹಬೂಬ ಅಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವನು. ಫಾತಿಮಾಬಿಯ ಕೈಗಳು ಹೆಚ್ಚುಕಡಿಮೆ ಚೆನ್ನಾಗಿದ್ದವು. ಆದರೆ ರೋಗ ರೆಪ್ಪೆಯ ನರ ಹಿಡಿದಿತ್ತು. ರೆಪ್ಪೆ ಮುಚ್ಚದೆ ಕಣ್ಣು ಒಣಗಿ, ಹುಣ್ಣಾಗಿ, ದೃಷ್ಟಿ ಪೂರ್ತಿ ಹೋಗಿತ್ತು. ಆಸ್ಪತ್ರೆಯಲ್ಲಿ ಇಬ್ಬರ ಮಂಚವೂ ಅಕ್ಕಪಕ್ಕದಲ್ಲಿತ್ತೆಂದು ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ, ಅದು ಕೇಳಬೇಕಾದ ಸಂಗತಿ ಎಂದು ಯಾರಿಗೂ ತೋಚಿರಲಿಲ್ಲ.

ಹನುಮವ್ವ ಕೊಟ್ಟೂರಿಗೆ ಬಂದು ತಿಂಗಳಾಗುವುದರೊಳಗೆ ಅಂಗೈ ಸುಟ್ಟುಕೊಂಡಳು. ಒಲೆಯ ಮೇಲಿನ ಗಡಿಗೆಯನ್ನು ಎರಡೂ ಅಂಗೈ ನಡುವೆ ಹಿಡಿದು ಇಳಿಸಿದ್ದಳು. ಬಿಸಿ ತಿಳಿಯದು, ನೋವೂ ಆಗದು. ಮರುದಿನ ಸಹಾಯಕಿ ಗಂಗಮ್ಮ ಬಂದಾಗ ಬೊಬ್ಬೆ ಎದ್ದು ಒಡೆದಿತ್ತು. ನಾನು ಹೋಗಿ ಡ್ರೆಸ್ಸಿಂಗ್ ಮಾಡುತ್ತಾ, ಗಂಗಮ್ಮ ಬರುವವರೆಗೆ ಕಾಯಬಾರದಿತ್ತೇ ಎಂದು ಕೇಳಿದೆ.

“ಹಸಿವಿಗೆ ಗಂಗಮ್ಮನ ಟೈಮ್ ಗೊತ್ತಾಗಂಗಿಲ್ರಿ” ಎಂದಳು.

ನಗುತ್ತಲೇ ಹೇಳಿದಳು. ನಾನೂ ನಕ್ಕು ಬಂದುಬಿಟ್ಟೆ. ಇನ್ನೊಂದು ವಾರಕ್ಕೆ ಗಂಗಮ್ಮ ಓಡಿಬಂದು, ಮನೆಗೆ ಕೊಂಡಿ ಹಾಕಿದೆ, ಹನುಮವ್ವ ಇಲ್ಲ ಎಂದಳು. ಬಸ್ ಸ್ಟ್ಯಾಂಡು, ಗುಡಿಯ ಸುತ್ತ, ಸಂತೆ ಬಯಲು ಎಲ್ಲಾ ಹುಡುಕಿದೆವು. ಕಾನಹೊಸಹಳ್ಳಿಗೂ ಹೇಳಿಕಳಿಸಿದೆವು. ಸುದ್ದಿ ಬಂದದ್ದು ಹರಪನಹಳ್ಳಿಯಿಂದ. ಅಲ್ಲಿನ ನಮ್ಮ ಕಾರ್ಯಕರ್ತ ಫೋನ್ ಮಾಡಿ, ಕೊಟ್ಟೂರಿನಾಕೆ ಫಾತಿಮಾಬಿ ಮನೆಯಲ್ಲಿದ್ದಾಳೆ, ನಡೆದೇ ಬಂದಿದ್ದಾಳೆ ಎಂದ.

ಸ್ಪರ್ಶವಿಲ್ಲದ ಪಾದದಲ್ಲಿ ಅಷ್ಟು ದೂರ ನಡೆಯುವುದೆಂದರೆ ಏನೆಂದು ನಮ್ಮ ಕೆಲಸದವರಿಗೆ ಗೊತ್ತು. ಮುಳ್ಳು ಹೊಕ್ಕರೂ ತಿಳಿಯದು, ಚಪ್ಪಲಿ ಉಜ್ಜಿದರೂ ತಿಳಿಯದು. ಅದಕ್ಕೇ ಇವರಿಗೆ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಕೊಡುತ್ತೇವೆ. ಆ ಚಪ್ಪಲಿಯೂ ದಾರಿಯಲ್ಲಿ ಕಿತ್ತಿರಬಹುದು ಎಂಬ ಯೋಚನೆಯಲ್ಲೇ ನಾನು ಮೋಟಾರ್ ಸೈಕಲ್ ಹತ್ತಿದೆ. ಮೇಲಿನಿಂದ ನನಗೆ ಹೇಳಿದ್ದು ಒಂದೇ: ಆಕೆಯನ್ನು ಕೊಟ್ಟೂರಿಗೆ ವಾಪಸು ತನ್ನಿ. ಕೊಟ್ಟ ಮನೆಯಲ್ಲಿ ಇರದಿದ್ದರೆ ಹಂಚಿಕೆ ರದ್ದಾಗಿ, ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ. ಆಮೇಲೆ ಹನುಮವ್ವನಿಗೆ ಉಳಿಯುವುದು ಬಸ್ ಸ್ಟ್ಯಾಂಡು.

ನಾನು ಹೋದಾಗ ಮಧ್ಯಾಹ್ನ. ಫಾತಿಮಾಬಿ ಹೊಸ್ತಿಲ ಒಳಗೆ ಕೂತು ಹನುಮವ್ವನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹಿಮ್ಮಡಿಯಿಂದ ತುದಿಯವರೆಗೆ ಬೆರಳಾಡಿಸುತ್ತಾ ಬರುತ್ತಿದ್ದಳು. ನನ್ನ ದನಿ ಕೇಳಿ ಮುಖ ಎತ್ತಿ ಹೇಳಿದಳು:

“ಬರ್ರಿ ಸಾಹೇಬ್ರ. ಇಲ್ಲಿ ಬಿಸಿ ಐತಿ ನೋಡ್ರಿ. ಒಳಗ ಹುಣ್ಣು ಕಟ್ಟಾಕ ಹತ್ತೈತಿ.”

ಮುಟ್ಟಿ ನೋಡಿದೆ. ಹೊರಗೆ ಗಾಯವಿರಲಿಲ್ಲ, ಆದರೆ ಹೆಬ್ಬೆರಳ ಬುಡ ಪಾದದ ಉಳಿದ ಭಾಗಕ್ಕಿಂತ ಬೆಚ್ಚಗಿತ್ತು. ಚರ್ಮ ಒಡೆಯುವ ಮುಂಚಿನ ಸೂಚನೆ ಅದು. ಆ ಹಂತದಲ್ಲಿ ಕಾಲಿಗೆ ವಿಶ್ರಾಂತಿ ಕೊಟ್ಟರೆ ಹುಣ್ಣು ತಪ್ಪುತ್ತದೆ. ಆಸ್ಪತ್ರೆಯಲ್ಲಿದ್ದಾಗ ಇದು ಇಬ್ಬರ ದಿನನಿತ್ಯದ ಕೆಲಸವಾಗಿತ್ತಂತೆ. ಬೆಳಗ್ಗೆ ಹನುಮವ್ವ ಫಾತಿಮಾಬಿಯ ಕಣ್ಣಿನಲ್ಲಿ ಕಸವಿದೆಯೇ, ಕೆಂಪಾಗಿದೆಯೇ ಎಂದು ನೋಡಿ ಹೇಳುವುದು. ಸಂಜೆ ಫಾತಿಮಾಬಿ ಹನುಮವ್ವನ ಪಾದ ಮುಟ್ಟಿ ನೋಡುವುದು. ಬಿಸಿ ಪಾತ್ರೆ ಇಳಿಸುವವಳು ಫಾತಿಮಾಬಿ, ಅದನ್ನು ಎಲ್ಲಿಡಬೇಕೆಂದು ಹೇಳುವವಳು ಹನುಮವ್ವ.

ಬಸ್ಸಿಗೆ ಯಾಕೆ ಬರಲಿಲ್ಲ ಎಂದು ಹನುಮವ್ವನನ್ನು ಕೇಳಿದೆ. ತಾನು ಕೂತರೆ ಪಕ್ಕದವರು ಎದ್ದು ನಿಲ್ಲುತ್ತಾರೆ, ಪಾಪ, ಅವರಿಗೂ ಟಿಕೆಟ್ಟಿಗೆ ದುಡ್ಡು ಬಿದ್ದಿರುತ್ತದೆ ಎಂದಳು. ಕೊಟ್ಟೂರಿನ ಮನೆ ಕೈತಪ್ಪುತ್ತದೆ, ಹೊರಡು ಎಂದು ಎಷ್ಟು ಹೇಳಿದರೂ ಆಕೆ ಏಳಲಿಲ್ಲ. ಕೊನೆಗೆ ಒಂದೇ ಮಾತು:

“ನೀವು ಮನಿ ಕೊಟ್ರಿ, ಭಾಳ ಉಪಕಾರಾತು. ಆದ್ರ ನನ್ನ ಕೈ ಹರಪನಳ್ಳ್ಯಾಗ ಇಟ್ರಿ, ಈಕಿ ಕಣ್ಣು ಕೊಟ್ಟೂರಾಗ ಇಟ್ರಿ. ಹೆಂಗ ಬಾಳೇವು ಮಾಡೋದ್ರಿ?”

ಆ ಕಾಲಿನಲ್ಲಿ ಪ್ರಯಾಣ ಕೂಡದು, ಕೆಲ ದಿನ ಅಲ್ಲೇ ಇರಬೇಕು ಎಂದು ಬರೆದಿಟ್ಟು ಒಬ್ಬನೇ ಹಿಂತಿರುಗಿದೆ. ಬರೆದದ್ದು ಸುಳ್ಳೇನೂ ಆಗಿರಲಿಲ್ಲ.

ಮುಂದಿನ ಸಭೆಯಲ್ಲಿ ಇಬ್ಬರಿಗೂ ಒಂದೇ ಮನೆ ಕೊಡಬೇಕೆಂದು ಕೇಳಿದೆ. ಸುಲಭವಾಗಲಿಲ್ಲ. ಹರಪನಹಳ್ಳಿಯವಳು ಕೊಟ್ಟೂರಿಗೆ ಬಂದರೆ ಆಕೆಯ ರೇಷನ್ನು ಯಾವ ತಾಲ್ಲೂಕಿನದು, ಕೂಡ್ಲಿಗಿಯವಳು ಹರಪನಹಳ್ಳಿಯಲ್ಲಿ ಉಳಿದರೆ ಸಹಾಯಕಿಯ ಸಂಬಳ ಯಾರು ಕೊಡುವುದು ಎಂದರು. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದರು. ಒಬ್ಬ ಹಿರಿಯ ಅಧಿಕಾರಿ ಮೆಲ್ಲಗೆ, ಒಬ್ಬಾಕೆ ಹಿಂದೂ, ಇನ್ನೊಬ್ಬಾಕೆ ಮುಸ್ಲಿಂ, ಒಂದೇ ಅಡುಗೆಮನೆ, ಓಣಿಯವರು ಏನೆಂದಾರು ಎಂದು ಕೇಳಿದರು. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ನಾಳೆ ಗಲಾಟೆಯಾದರೆ ತಲೆ ಕೊಡಬೇಕಾದವರು ಅವರೇ. ಎ.ಸಿ. ಸಾಹೇಬರು ಯಾವ ಕಡೆಗೂ ಮಾತಾಡದೆ, ನಾನೇ ಒಮ್ಮೆ ನೋಡುತ್ತೇನೆ ಎಂದು ಸಭೆ ಮುಗಿಸಿದರು.

ಹಾಗೆ ಹೇಳಿದ ಅಧಿಕಾರಿಗಳು ಬರುವುದು ಅಪರೂಪ. ಇವರು ಬಂದರು. ಹರಪನಹಳ್ಳಿ ತಾಲ್ಲೂಕಿನದೇ ಹಳ್ಳಿ ಅರಸೀಕೆರೆ ಕಡೆ ಕೆಲಸ ಮುಗಿಸಿಕೊಂಡು ಹರಪನಹಳ್ಳಿಯಲ್ಲಿ ಜೀಪು ನಿಲ್ಲಿಸಿ ನನ್ನನ್ನು ಕರೆಸಿಕೊಂಡರು. ಮೊದಲೇ ತಿಳಿಸಿರಲಿಲ್ಲವಾದ್ದರಿಂದ ಮನೆಯಲ್ಲಿ ಇಬ್ಬರು ಹೆಂಗಸರ ಅಡುಗೆ ನಡೆದಿತ್ತು. ಮಹಬೂಬ ಹೊರಗೆ ಒಂದು ಕುರ್ಚಿ ಹಾಕಿದ. ಸಾಹೇಬರು ಕೂತರು. ಒಳಗೆ ಫಾತಿಮಾಬಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಳು. ಹನುಮವ್ವ ಒಲೆಯಿಂದ ಒಂದು ಮಾರು ದೂರ ಕೂತು, “ಅಂಚು ದಪ್ಪ ಆತು... ಎಡಕ್ಕ ಸರಸು... ಹೂಂ, ತಿರುವಿ ಹಾಕು” ಎನ್ನುತ್ತಿದ್ದಳು. ಇಬ್ಬರಿಗೂ ನಾವು ಬಂದ ಗಡಿಬಿಡಿ ಇರಲಿಲ್ಲ. ರೊಟ್ಟಿ ಉಬ್ಬಿತು.

ಸಾಹೇಬರು ಬಹಳ ಹೊತ್ತು ನೋಡಿದರು. ಆಮೇಲೆ ಸಭೆಯಲ್ಲಿ ಬಂದ ಪ್ರಶ್ನೆಯನ್ನೇ ಕೇಳಿದರು: ಒಂದೇ ಒಲೆಯಾದರೆ ಜನ ಆಡಿಕೊಳ್ಳುವುದಿಲ್ಲವೇ?

ಹನುಮವ್ವ ಹೇಳಿದಳು: “ನಮ್ಮ ಮನ್ಯಾಗ ಉಣ್ಣಾಕ ಯಾರೂ ಬರಂಗಿಲ್ರಿ. ಬಂದವರು ಕೇಳಿದ್ರ ಹೇಳೋಣ.”

ಮಹಬೂಬ ಎರಡು ರೊಟ್ಟಿ ತಟ್ಟೆಯಲ್ಲಿಟ್ಟು ತಂದ. ಸಾಹೇಬರು ಕೈ ಮುಗಿದು ಬೇಡವೆಂದರು. ನಾನು ತಿಂದೆ. ಅವರು ತಿನ್ನಲಿಲ್ಲವೆಂದು ನನಗೆ ಬೇಸರವಾಗಲಿಲ್ಲ. ಅಷ್ಟು ವರ್ಷದ ಹೆದರಿಕೆ ಒಂದು ಮಧ್ಯಾಹ್ನಕ್ಕೆ ಹೋಗುವಂಥದ್ದಲ್ಲ. ಆದರೆ ಜೀಪು ಹತ್ತುವ ಮುಂಚೆ ಒಂದು ಮಾತು ಕೇಳಿದರು: ಇವರಿಗೆ ಯಾವ ಊರು ಬೇಕಂತೆ?

ನಾವು ಹರಪನಹಳ್ಳಿ ಎಂದುಕೊಂಡಿದ್ದೆವು. ತಮ್ಮ ಇಲ್ಲೇ ಇದ್ದಾನಲ್ಲ. ಫಾತಿಮಾಬಿ ಕೊಟ್ಟೂರು ಎಂದಳು. ತಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು, ಅವರ ಮದುವೆಯಾಗುವವರೆಗೆ ತಾನು ದೂರವಿದ್ದರೆ ಅವನಿಗೆ ಹಗುರ, ಕೊಟ್ಟೂರಿನಷ್ಟೇ ದೂರವಾದರೆ ಅವನು ಬಂದು ಹೋಗಲಿಕ್ಕೂ ಅಡ್ಡಿಯಿಲ್ಲ ಎಂದು ವಿವರಿಸಿದಳು. ಮಹಬೂಬ ಕಲಾಯಿಯ ಮಸಿ ಹಿಡಿದ ಕೈಯಿಂದ ಮುಖ ಒರೆಸಿಕೊಂಡು ಆ ಕಡೆ ತಿರುಗಿ ನಿಂತ.

ಮುಂದಿನ ಸಭೆಯಲ್ಲಿ ಆ ಷರತ್ತು ಹೋಯಿತು. ಮನೆಗಳು ಯಾವ ಊರಿನಲ್ಲಿದ್ದರೂ ನಾಲ್ಕೂ ತಾಲ್ಲೂಕಿಗೆ ಸೇರಿದವು, ಯಾರ ಹೊಣೆಯಾದರೂ ಎಲ್ಲರದು, ಇರುವವರು ತಮಗೆ ಬೇಕಾದ ಊರು ಹೇಳಬಹುದು ಎಂದು ಸಾಹೇಬರು ಬರೆಸಿದರು. ಎಲ್ಲರೂ ಕೇಳುತ್ತಾರೆ ಎಂಬ ಭಯ ನಿಜವಾಯಿತು; ಕೇಳಿದರು. ಹಡಗಲಿಯ ಒಬ್ಬ ಮುದುಕ ತನ್ನ ಊರಿನ ಮಂದಿ ಓಡಾಡದ ಕಡೆ ಹಾಕಿ ಎಂದ. ಅವನನ್ನು ಹಗರಿಬೊಮ್ಮನಹಳ್ಳಿಗೆ ಹಾಕಿದೆವು. ಅಷ್ಟರಿಂದ ಆಡಳಿತವೇನೂ ಕುಸಿಯಲಿಲ್ಲ. ನಾಲ್ಕು ತಾಲ್ಲೂಕು ಒಂದಾದದ್ದು ಸಮಿತಿ ಮಾಡಿದ ದಿನವಲ್ಲ, ಅವತ್ತು ಎಂದು ಈಗಲೂ ನನಗನ್ನಿಸುತ್ತದೆ. ಕೊಟ್ಟೂರಿನ ಓಣಿಯವರು ಮೊದಮೊದಲು ಆ ಮನೆಯ ಮುಂದೆ ಬಿರಬಿರನೆ ಹೋಗುತ್ತಿದ್ದರು. ಆಮೇಲೆ ಪಕ್ಕದ ಮನೆಯಾಕೆ, ಕೂಸು ಎತ್ತ ಹೋಯಿತು ನೋಡವ್ವಾ ಎಂದು ಹನುಮವ್ವನ ಕಣ್ಣನ್ನು ಎರವಲು ಕೇಳತೊಡಗಿದಳು.

ಅವರಿಬ್ಬರೂ ಕೆಲವು ವರ್ಷ ಹಾಗೆ ಬಾಳಿದರು. ನನಗೆ ವರ್ಗವಾಗುವ ಮುಂಚಿನ ಚಳಿಗಾಲದಲ್ಲಿ ಹನುಮವ್ವ ಜ್ವರ ಬಂದು ತೀರಿಕೊಂಡಳು. ಅಷ್ಟರಲ್ಲಿ ಮಹಬೂಬನ ಮಕ್ಕಳ ಮದುವೆ ಮುಗಿದಿತ್ತು. ಅವನು ಬಂದು ಅಕ್ಕನನ್ನು ಮನೆಗೇ ಕರೆದ. ನಾನೂ ಹೋಗಮ್ಮ ಎಂದೆ. ಫಾತಿಮಾಬಿ ಗೋಡೆಗೆ ಒರಗಿ ಕೂತಿದ್ದಳು; ಅತ್ತು ಮುಗಿದಿತ್ತು. ತಮ್ಮನ ಕೈ ಹುಡುಕಿ ಹಿಡಿದುಕೊಂಡು, ಹಬ್ಬಕ್ಕೆ ಬರುತ್ತೇನೆ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು:

“ನನ್ನ ಕೈ ಇನ್ನಾ ಗಟ್ಟಿ ಅದಾವ್ರಿ ಸಾಹೇಬ್ರ. ಕೈ ಇಲ್ಲದಾಕಿ ಯಾರರ ಅದಾಳೇನು ನೋಡ್ರಿ.”

ಹಡಗಲಿ ಕಡೆಯ ಒಬ್ಬಾಕೆ ಇದ್ದಳು. ನಾನು ಚಾರ್ಜು ಬಿಟ್ಟುಕೊಡುವ ಮುಂಚೆ ಆಕೆ ಕೊಟ್ಟೂರಿಗೆ ಬಂದು ಸೇರಿದಳು. ಆಮೇಲೆ ಎಷ್ಟೋ ಊರಲ್ಲಿ, ಎಷ್ಟೋ ಸಮಿತಿಗಳಲ್ಲಿ ಕೂತೆ. ಒಬ್ಬರಿಗೆ ಆಸರೆ ಕೊಡುವ ಮಾತು ಬಂದಾಗಲೆಲ್ಲ, ಅವರಿಗೆ ಏನಿಲ್ಲ ಎಂದು ಬರೆದುಕೊಂಡು ಹೋಗುವುದು ನಮ್ಮ ಅಭ್ಯಾಸ. ಅವರಲ್ಲಿ ಏನಿದೆ, ಅದು ಯಾರಿಗೆ ಬೇಕಾಗಿದೆ ಎಂದೂ ಕೇಳಬೇಕೆಂಬುದನ್ನು ನನಗೆ ಕಲಿಸಿದ್ದು ಈ ಕೆಲಸ.