ನಮ್ಮ ಹಿತ್ತಲದ ಕವಳಿ ಬೇಲಿ

ನನಗೆ ಸೊಕ್ಕು ಜಾಸ್ತಿ ಎನ್ನುವವರು ಚಿಕ್ಕೇರೂರಿನಲ್ಲಿ ಆಗಲೂ ಇದ್ದರು, ಈಗಲೂ ಇದ್ದಾರೆ. ಇರಲಿ. ಬಂಗಾರದ ಸೊಕ್ಕು ನನಗಿಲ್ಲ, ಹೊಲದ ಸೊಕ್ಕೂ ಇಲ್ಲ. ನನಗಿರುವುದು ಒಂದು ಬೇಲಿಯ ಸೊಕ್ಕು. ನಮ್ಮ ಹಿತ್ತಲದ ಮೂರೂ ಮಗ್ಗಲು ಸುತ್ತಿ ಬಂದ ಕವಳಿ ಕಂಟಿಯ ಬೇಲಿ ಅದು. ಬೇಸಿಗೆಯಲ್ಲಿ ಸುತ್ತಲಿನ ಗಿಡಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತಾಗಲೂ ಇದು ಕಡುಹಸಿರಾಗಿ ಮಿರುಗುತ್ತಿತ್ತು. ಎಲೆಯ ಸಂದಿಯಲ್ಲಿ ಜೋಡಿ ಜೋಡಿ ಮುಳ್ಳು, ಯುಗಾದಿಯ ಹೊತ್ತಿಗೆ ಬಿಳಿ ಹೂವು, ಮಳೆ ಹಿಡಿಯುವ ದಿನಗಳಲ್ಲಿ ಮೊದಲು ಕೆಂಪಾಗಿ ಆಮೇಲೆ ಕಪ್ಪಾಗುವ ಹುಳಿಸಿಹಿ ಹಣ್ಣು. ಅದನ್ನು ಹಚ್ಚಿದವಳು ನಾನು.

ನಾನು ಸವಣೂರಿನವಳು. ಅಪ್ಪನದು ವೀಳ್ಯದೆಲೆಯ ತೋಟ. ತವರು ನವಾಬರ ಸೀಮೆ, ಗಂಡನ ಮನೆ ಮುಂಬಯಿ ಸರಕಾರದ ಸೀಮೆ. ಮೂವತ್ತರ ದಶಕ ಮುಗಿಯುತ್ತ ಬಂದಾಗ ಲಗ್ನವಾಗಿ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿಗೆ ಬಂದೆ. ಬಂದವಳು ಸುಮ್ಮನಿರಬೇಕಿತ್ತೋ ಇಲ್ಲವೋ? ಇರಲಿಲ್ಲ. ಇಲ್ಲಿಯ ಬದನೆ ಸಣ್ಣದು, ಇಲ್ಲಿಯ ಮಣ್ಣು ಜಿಗುಟು, ನಮ್ಮಪ್ಪ ಹೀಗೆ ಮಾಡುತ್ತಿದ್ದ, ಹಾಗೆ ಮಾಡುತ್ತಿದ್ದ ಎಂದು ದಿನಾ ಒಂದು ತವರಿನ ಪುರಾಣ ಬಿಚ್ಚುತ್ತಿದ್ದೆ. ನನ್ನ ಅತ್ತೆ ಎಲ್ಲ ಕೇಳಿಸಿಕೊಂಡು, ‘ಸವಣೂರಾಕಿ ಹೇಳಿದ ಮ್ಯಾಲೆ ಮುಗೀತು’ ಎಂದು ಒಲೆಯ ಕಡೆ ತಿರುಗುತ್ತಿದ್ದರು. ಆ ಮನೆಯಲ್ಲಿ ನನ್ನ ಹೆಸರೇ ಸವಣೂರಾಕಿ ಎಂದಾಯಿತು.

ಆಗ ಹಿತ್ತಲಕ್ಕೆ ಇದ್ದದ್ದು ಒಣ ಮುಳ್ಳಿನ ಬೇಲಿ. ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯವರು ಮತ್ತು ಮೈದುನ ರಟ್ಟೀಹಳ್ಳಿ ಕಡೆಯ ಬೀಳಿನಿಂದ ಬಂಡಿಗಟ್ಟಲೆ ಜಾಲಿಮುಳ್ಳು ಕಡಿದು ತಂದು ಹಚ್ಚುತ್ತಿದ್ದರು. ಎರಡು ದಿನದ ಕೆಲಸ, ಎಂಟು ದಿನ ಕಾಲಿನ ಮುಳ್ಳು ತೆಗೆಯುವ ಕೆಲಸ. ದೀಪಾವಳಿಯ ಹೊತ್ತಿಗೆ ಅರ್ಧ ಗೆದ್ದಲಿಗೆ ಹೋಗುತ್ತಿತ್ತು, ಉಳಿದರ್ಧವನ್ನು ಊರ ಮಂದಿ ನೀರೊಲೆಗೆ ಎಳೆದೊಯ್ಯುತ್ತಿದ್ದರು. ಆಮೇಲೆ ಆಡುಗಳದೇ ರಾಜ್ಯ. ಅತ್ತೆ ಬೆಳೆಸಿದ ಹರಿವೆ, ಬದನೆ, ಮಲ್ಲಿಗೆ ಯಾವುದೂ ಪೂರ್ತಿ ನಮ್ಮದಾಗುತ್ತಿರಲಿಲ್ಲ.

‘ಕವಳಿ ಕಂಟಿ ಹಚ್ಚಿದ್ರ ಒಮ್ಮೆ ಹಚ್ಚಿದ್ದು ಜಲ್ಮಪೂರ್ತಿ ಆತು. ನಾ ಹಚ್ತೇನಿ,’ ಎಂದೆ.

ಎಲೆಬಳ್ಳಿಯನ್ನು ತುಂಡು ಮಾಡಿ ನೆಟ್ಟರೆ ಚಿಗುರುತ್ತದೆ. ಕವಳಿಯೂ ಹಾಗೇ ಎಂದು ತಿಳಿದೆ. ಮೊದಲ ಮಳೆಗೆ ಬೀಳಿನಿಂದ ಕವಳಿಯ ಟೊಂಗೆ ತರಿಸಿ, ಅಪ್ಪ ಬಳ್ಳಿ ನೆಡುತ್ತಿದ್ದಂತೆಯೇ ಗೇಣುದ್ದ ಕತ್ತರಿಸಿ, ಸಾಲಾಗಿ ನೆಟ್ಟೆ. ಹದಿನೈದು ದಿನ ಹಸಿರಿದ್ದವು. ಊರ ಹೆಣ್ಣುಮಕ್ಕಳನ್ನೆಲ್ಲ ಕರೆದು ತೋರಿಸಿದೆ. ತಿಂಗಳಿಗೆ ಒಂದೂ ಉಳಿಯದೆ ಎಲ್ಲ ಕಟ್ಟಿಗೆಯಾದವು.

ಅಪ್ಪನ ದಾರಿ ಸೋತರೇನು, ಅವ್ವನ ದಾರಿ ಇದೆಯಲ್ಲ! ನಮ್ಮವ್ವ ಸೌತೆ, ಹೀರೆ, ಕುಂಬಳದ ಬೀಜಗಳನ್ನೆಲ್ಲ ಸಗಣಿಯಲ್ಲಿ ಒತ್ತಿ, ರೊಟ್ಟಿಯಂತೆ ತಟ್ಟಿ ಗೋಡೆಗೆ ಬಡಿಯುತ್ತಿದ್ದಳು. ಮುಂದಿನ ಮಳೆಗಾಲದವರೆಗೆ ಹುಳ ಮುಟ್ಟುತ್ತಿರಲಿಲ್ಲ. ಮರುವರ್ಷ ಹಿರೇಕೆರೂರಿನ ಸಂತೆಯಿಂದ ಎರಡು ಬುಟ್ಟಿ ಕಪ್ಪು ಕವಳಿಹಣ್ಣು ತರಿಸಿದೆ. ಹಣ್ಣನ್ನು ಮನೆ ಮಂದಿ ತಿಂದರು, ಬೀಜವನ್ನೆಲ್ಲ ನಾನು ತೊಳೆದು ಒಣಗಿಸಿ ಸಗಣಿಗೆ ಒತ್ತಿ ದನದ ಕೊಟ್ಟಿಗೆಯ ಗೋಡೆಗೆ ಬಡಿದೆ. ವರ್ಷ ಕಾದೆ. ಮೊದಲ ಮಳೆ ಬಿದ್ದ ದಿನ ಆ ರೊಟ್ಟಿಗಳನ್ನು ಮುರಿದು ಹಿತ್ತಲದ ಮೂರು ಮಗ್ಗಲಿಗೂ ಊರಿದೆ. ಮಳೆ ತಪ್ಪಿದ ದಿನ ಮೈದುನನ ಕೈಯಲ್ಲಿ ಬಾವಿಯ ನೀರು ಹೊರಿಸಿದೆ. ಒಂದು ಸಸಿ ಹುಟ್ಟಿದ್ದರೂ ನನ್ನ ಮಾನ ಉಳಿಯುತ್ತಿತ್ತು. ಹುಟ್ಟಲಿಲ್ಲ.

‘ವೈನೀ, ಬರೇ ಮಣ್ಣಿಗೆ ಇನ್ನೆಷ್ಟ ದಿನ ನೀರ ಹಾಕ್ಲಿರಿ?’ ಎಂದು ಮೈದುನ ಕೇಳಿದ. ಅವನು ಮೆಲ್ಲಗೆ ಕೇಳುವ ಮನುಷ್ಯನಲ್ಲ, ನೆರೆಮನೆಗೂ ಕೇಳಿಸಿತು. ಆ ದಿನ ನಾನು ಊಟ ಮಾಡಲಿಲ್ಲ. ಸಿಟ್ಟಿತ್ತು ನಿಜ, ಆದರೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಿತ್ತು.

ಮರುದಿನ ಮುಂಜಾನೆ ಪಾತ್ರೆ ಬೆಳಗಲು ಬಚ್ಚಲ ಹಿಂದೆ ಹೋದೆ. ಅತ್ತೆ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಅವರ ಮುಷ್ಟಿಯಲ್ಲಿದ್ದ ಕಳೆಯ ಎಲೆ ನೋಡಿ ನನ್ನ ಕೈಯ ಹಿತ್ತಾಳೆ ತಂಬಿಗೆ ಜಾರಿ ಬಿತ್ತು. ಎದುರುಬದುರಾಗಿ ಕೂತ ದಪ್ಪ ಎಲೆ, ಮುರಿದಲ್ಲಿ ಹಾಲು. ಕವಳಿ!

‘ಅತ್ತೀ, ಏನ್ ಕೀಳಾಕತ್ತೀರಿ ನೀವು?’

‘ಯಾಕ, ವರ್ಷಾ ಹುಟ್ಟತಾವ, ವರ್ಷಾ ಕೀಳ್ತೇನಿ. ಹಣ್ಣ ತಿಂದು ಇಲ್ಲೇ ಉಗುಳ್ತೇನಲ್ಲ, ಎಂಟ್ಹತ್ತು ದಿನದಾಗ ಎದ್ದ ಬಿಡತಾವ.’

ನಾನು ವರ್ಷಪೂರ್ತಿ ಗೋಡೆಗೆ ಬಡಿದು ಕಾಪಾಡಿದ ಬೀಜ ಸತ್ತಿದ್ದವು, ಅವರು ಉಗುಳಿದ ಬೀಜ ಎದ್ದಿದ್ದವು. ಕವಳಿಯ ಬೀಜ ಕಾಯುವ ಬೀಜವಲ್ಲ. ಹಣ್ಣಿನಿಂದ ಬಿದ್ದ ಹಸಿಯಲ್ಲೇ ಮಣ್ಣು ಸೇರಬೇಕು. ನನಗದು ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು, ಗೊತ್ತಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ‘ಎರಡ ವರ್ಷ ನಾ ಒದ್ದಾಡೂದು ನೋಡಿದ್ರಿ, ಒಂದ ಮಾತ ಹೇಳಬಾರದಿತ್ತೇನ್ರಿ?’ ಎಂದೆ.

‘ನೀ ಎಲ್ಲಿ ಕೇಳೀದಿ?’ ಎಂದರು.

ಕೇಳಿರಲಿಲ್ಲ. ಎರಡು ವರ್ಷದಲ್ಲಿ ಅವರಿಗೆ ನೂರು ಮಾತು ಹೇಳಿದ್ದೆ, ಒಂದು ಮಾತು ಕೇಳಿರಲಿಲ್ಲ. ಅವತ್ತು ಮೊದಲ ಬಾರಿಗೆ ಅವರ ಪಕ್ಕದಲ್ಲಿ ಕೂತು, ‘ಇನ್ನು ಕೀಳಬ್ಯಾಡ್ರಿ, ನನಗ ಕೊಡ್ರಿ,’ ಎಂದು ಕೇಳಿದೆ.

ಅವರು ಕೊಟ್ಟರು, ಆದರೆ ಕರಾರಿನ ಮೇಲೆ ಕೊಟ್ಟರು. ಸಂಜೆ ನಮ್ಮ ಮನೆಯವರನ್ನೂ ಮೈದುನನನ್ನೂ ಪಡಸಾಲೆಗೆ ಕರೆದು ಅವರೆದುರಿಗೇ ಹೇಳಿದರು: ‘ಐದು ವರ್ಷ ಕೊಡ್ತೇನಿ. ಅಲ್ಲೀತನಾ ಹೊರಗಿಂದ ಒಣಮುಳ್ಳೂ ಇರಲಿ. ಐದು ವರ್ಷ ಆದ ಮ್ಯಾಲೆ ಒಣಮುಳ್ಳು ಬಂದ್. ಆಮ್ಯಾಲೆ ಒಂದ ಆಡು ಒಳಗ ಬಂದ್ರೂ ಕಂಟಿ ಎಲ್ಲಾ ಬುಡಸಮೇತ ಕೀಳಸ್ತೇನಿ. ಹಿತ್ತಲದಾಗ ಸವಣೂರಾಕಿ ಮಾತು ಅವತ್ತಿಗೆ ಮುಗೀತು.’

ಒಪ್ಪಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು, ಒಪ್ಪದೆ ಏನು ಮಾಡಲಿ?

ಆ ಐದು ವರ್ಷ ನಾನು ಮಾಡಿದ್ದನ್ನು ಹೇಳಲು ನನಗೆ ಸಂಕೋಚವಿಲ್ಲ. ಬಚ್ಚಲ ಹಿಂದಿನ ಸಸಿಗಳ ಜೊತೆಗೆ ಆ ವರ್ಷದ ಹಣ್ಣಿನ ಹಸಿಬೀಜಗಳನ್ನೂ ಊರಿ, ಮೊಣಕೈ ಅಂತರಕ್ಕೊಂದರಂತೆ ಸಾಲು ಹಿಡಿದೆ. ಬೇಸಿಗೆಯಲ್ಲಿ ಸ್ನಾನದ ನೀರು, ಅಕ್ಕಿ ತೊಳೆದ ನೀರು, ಕೈ ತೊಳೆದ ನೀರು ಎಲ್ಲ ಅವಕ್ಕೇ. ಬುಡಕ್ಕೆ ಜೋಳದ ರವದಿಯ ಒಣಗರಿ ಹೊದಿಸಿ ಬಿಸಿಲು ತಟ್ಟದಂತೆ ನೋಡಿಕೊಂಡೆ. ಹೊಟ್ಟೆಯಲ್ಲಿ ಕೂಸಿದ್ದಾಗಲೂ ಕೊಡ ಇಳಿಸಲಿಲ್ಲ. ಎರಡನೆಯ ವರ್ಷ ಗಿಡ ಮೊಣಕಾಲೆತ್ತರ ಬಂದಾಗ ಕುಡುಗೋಲು ಹಿಡಿದು ತಲೆ ಸವರಿದೆ. ‘ಹುಚ್ಚ ಹಿಡದೈತಿ, ಬೆಳ್ಯೂದನ್ನ ಕೊಯ್ತಾಳ,’ ಎಂದು ನೋಡಿದವರೆಲ್ಲ ಮೂಗು ಮುರಿದರು. ಆದರೆ ಎಲೆತೋಟದವರ ಮಗಳಿಗೆ ಅಷ್ಟು ಗೊತ್ತಿತ್ತು. ಮೇಲೇರಿದ್ದನ್ನು ಇಳಿಸಿದರೆ ಬುಡ ತುಂಬುತ್ತದೆ. ಇಲ್ಲಿ ಅಪ್ಪನ ವಿದ್ಯೆ ಸೋಲಲಿಲ್ಲ. ವರ್ಷಕ್ಕೆರಡು ಸಲ ಸವರಿದೆ. ಕಂಟಿ ಬುಡದಿಂದಲೇ ಕವಲೊಡೆದು, ಪಕ್ಕದ ಕಂಟಿಯಲ್ಲಿ ಕೈ ಹೆಣೆದು, ಕೋಳಿಮರಿ ನುಸುಳಲೂ ಯೋಚಿಸುವಂತಾಯಿತು.

ಐದು ವರ್ಷ ತುಂಬಿದಾಗ ಮೊದಲ ಸಲ ನಮ್ಮ ಮನೆಯ ಬಂಡಿ ರಟ್ಟೀಹಳ್ಳಿ ಕಡೆ ಮುಳ್ಳಿಗೆ ಹೋಗಲಿಲ್ಲ. ಯುದ್ಧದ ದಿನಗಳು, ಚಿಮಣಿ ಎಣ್ಣೆಯಿಂದ ಸಕ್ಕರೆಯವರೆಗೆ ಎಲ್ಲಕ್ಕೂ ಬರ. ನಮ್ಮ ಬೇಲಿಯಲ್ಲಿ ಮಾತ್ರ ಬುಟ್ಟಿಗಟ್ಟಲೆ ಹಣ್ಣು. ಓಣಿಯವರು ಉಪ್ಪಿನಕಾಯಿಗೆ ಕಾಯಿ ಕೇಳಲು ಬಂದಾಗ ನಾನು ತಲೆ ಎತ್ತಿ ಬಾಗಿಲಿಗೆ ಬರುತ್ತಿದ್ದೆ. ಹಾನಗಲ್ಲಿನಿಂದ ಬಂದ ನೆಂಟರು ಬೇಲಿಯುದ್ದಕ್ಕೂ ನಡೆದು ನೋಡಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಹಿತ್ತಲದಲ್ಲಿ ಆಡು ಕೂಗಿತು.

ಓಡಿ ಹೋದೆ. ಕರೀ ಆಡೊಂದು ಬದನೆಯ ಮಡಿಯಲ್ಲಿ ನಿಂತು ನಿರಾತಂಕವಾಗಿ ಮೇಯುತ್ತಿತ್ತು. ಹರಿವೆಯ ಮಡಿ ಆಗಲೇ ಬೋಳಾಗಿತ್ತು. ನನ್ನ ಹಿಂದೆಯೇ ಮೈದುನ ಬಂದ. ಆಡನ್ನು ನೋಡಿದ, ನನ್ನನ್ನು ನೋಡಿದ, ಒಳಗೆ ಹೋಗಿ ಗುದ್ದಲಿ ತಂದ. ‘ವೈನೀ, ಮಾತಂದ್ರ ಮಾತ್ರಿ,’ ಎಂದ. ಈ ಸಲ ಮೆಲ್ಲಗೆ ಹೇಳಿದ. ಅವನಿಗೂ ಬೇಕಿರಲಿಲ್ಲ ಅಂತ ಕಾಣುತ್ತದೆ.

‘ತಡೀರಿ, ಎಲ್ಲಿಂದ ಬಂತು ನೋಡೂನು,’ ಎಂದು ಬೇಲಿಯುದ್ದಕ್ಕೂ ಹುಡುಕಿದೆ. ಮೂಡಣ ಮೂಲೆಯಲ್ಲಿ, ನೆರೆಮನೆಯ ಹಿತ್ತಲಿಗೆ ಹೊಂದಿದ ಕಡೆ, ಒಬ್ಬರು ಬಗ್ಗಿ ದಾಟುವಷ್ಟು ಕಿಂಡಿ. ಆಡು ಮುರಿದದ್ದಲ್ಲ. ಟೊಂಗೆಗಳನ್ನು ಕುಡುಗೋಲಿನಿಂದ ನೀಟಾಗಿ ಕೊಯ್ದಿದ್ದರು. ಕಾಣದಿರಲೆಂದು ಎರಡು ಟೊಂಗೆಗಳನ್ನು ಬಾಳೆಯ ನಾರಿನಿಂದ ಅಡ್ಡ ಕಟ್ಟಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ನೆರೆಮನೆಯ ಮುದುಕಿ, ನಮ್ಮ ಅತ್ತೆಯ ವಾರಿಗೆಯವರು, ಅಲ್ಲೇ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂತಿದ್ದರು. ಬೇಲಿಯ ಈಚೆಯಿಂದಲೇ ಶುರು ಮಾಡಿದೆ. ಮಂದಿಯ ಹಸಿರು ಕಂಡರೆ ಕಣ್ಣುರಿಯುವವರು, ಕದ್ದು ಕೊಯ್ಯುವವರು, ಬಾಯಲ್ಲಿ ಬಸವಣ್ಣ ಕೈಯಲ್ಲಿ ಕುಡುಗೋಲು... ಏನೇನು ಅಂದೆನೋ. ಆ ಮುದುಕಿ ತಲೆ ತಗ್ಗಿಸಿ ಬತ್ತಿ ಹೊಸೆಯುತ್ತಲೇ ಇದ್ದರು.

‘ಬಾಯಿ ಮುಚ್ಚು,’ ಎಂದಿತು ಹಿಂದಿನಿಂದ ಅತ್ತೆಯ ದನಿ. ‘ಆಕೀಗೆ ಯಾಕ ಬೈತಿ? ಕೊಯ್ದಾಕಿ ನಾನ.’

ಮೈದುನ ಗುದ್ದಲಿ ಊರಿ ನಿಂತ. ‘ನೀ ಏನಬೇ ಅವ್ವಾ? ಬ್ಯಾಲಿನ ಎದ್ದು ಹೊಲಾ ಮೇಯ್ದಂಗಾತಲ್ಲ!’

‘ಹೌದಪಾ, ಹಂಗ ಆತು,’ ಎಂದರು.

ಸಂಗತಿ ಇಷ್ಟೇ. ಅವರಿಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಂದಿರಾಗಿ ಬಂದವರು. ಒಣ ಮುಳ್ಳಿದ್ದ ಕಾಲದಲ್ಲಿ ಆ ಮೂಲೆಯಲ್ಲಿ ಎರಡು ಮುಳ್ಳು ಸರಿಸಿ ಹೋಗಿ, ಕೂತು ಮಾತಾಡಿ, ಬರುವಾಗ ಮತ್ತೆ ಎಳೆದುಕೊಳ್ಳುವುದು ಅತ್ತೆಯ ನಿತ್ಯದ ರೂಢಿ. ನನ್ನ ಕವಳಿ ದಟ್ಟವಾದಂತೆ ದಾರಿ ಮುಚ್ಚಿತು. ಮುಂದಿನಿಂದ ಸುತ್ತಿ ಹೋಗಬೇಕೆಂದರೆ ಓಣಿಯ ಏರು, ಅವರ ಮೊಣಕಾಲು ಕೇಳುತ್ತಿರಲಿಲ್ಲ. ಇಲ್ಲೊಂದಿಷ್ಟು ದಾರಿ ಬಿಡು ಎಂದು ಸೊಸೆಯನ್ನು ಕೇಳಲು ಅವರಿಗೂ ಮನಸ್ಸಾಗಿರಲಿಲ್ಲ. ಸೊಕ್ಕು ನನಗೊಬ್ಬಳಿಗೇ ಇತ್ತೆಂದು ತಿಳಿದಿದ್ದೆನಲ್ಲ! ಬೆಳಿಗ್ಗೆ ಹೋಗಿ ಬರುವಾಗ ನಾರು ಬಿಗಿಯಾಗಿ ಕಟ್ಟುವುದನ್ನು ಮರೆತಿದ್ದರು.

ಅವರು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬೇಲಿ ಹೋಗುತ್ತಿತ್ತು, ಕರಾರು ಅವರ ಕಡೆಗಾಗುತ್ತಿತ್ತು, ದಾರಿಯೂ ಸಿಗುತ್ತಿತ್ತು. ಮಗನ ಮುಂದೆ, ಗೆಳತಿಯ ಮುಂದೆ, ಸೊಸೆಯ ಮುಂದೆ ಅವರು ತಪ್ಪು ಒಪ್ಪಿಕೊಂಡದ್ದನ್ನು ನಾನು ಅವತ್ತೇ ಮೊದಲ ಸಲ ನೋಡಿದೆ.

‘ಗುದ್ದಲಿ ಇಲ್ಲಿ ಕೊಡು,’ ಎಂದು ಮಗನ ಕೈಯಿಂದ ತೆಗೆದುಕೊಂಡು, ಕಿಂಡಿಯ ನಡುವೆ ತಾವೇ ಗುಣಿ ತೋಡತೊಡಗಿದರು.

ನನ್ನ ಸಿಟ್ಟೆಲ್ಲ ಇಳಿದು ಕಣ್ಣು ತುಂಬಿತ್ತು. ನೆರೆಮನೆಯವರಿಗೆ ಕೈ ಮುಗಿದೆ, ‘ತಪ್ಪಾತ್ರಿ,’ ಎಂದೆ. ಅತ್ತೆಗೆ, ‘ಬ್ಯಾಡ್ರಿ ಅತ್ತೀ, ಅಲ್ಲೊಂದು ಸಣ್ಣ ಬಾಗಲಾ ಮಾಡಸೋಣು. ನೀವು ಬೇಕಾದಾಗ ಹೋಗಿ ಬರ್ರಿ,’ ಎಂದೆ.

‘ನನಗ ಬಾಗಲಾ ಮಾಡಿದ್ರ ನಾಳೆ ಇವಗೊಂದು, ನಾಡದು ಇನ್ನೊಬ್ಬರಿಗೊಂದು. ಐದು ವರ್ಷ ನೀರ ಹೊತ್ತೀದಿ. ಹೋಗು, ಬಚ್ಚಲ ಹಿಂದ ಸಸಿ ಅದಾವ, ಗಟ್ಟೀದು ಒಂದ ನೋಡಿ ತಾ.’

ತಂದು ಕೊಟ್ಟೆ. ಅವರೇ ನೆಟ್ಟು, ಕೈಯಿಂದಲೇ ಮಣ್ಣು ಒತ್ತಿದರು.

ಅಂದಿನಿಂದ ಬದುಕಿದ್ದಷ್ಟು ವರ್ಷವೂ ಅವರು ಗೆಳತಿಯ ಮನೆಗೆ ಓಣಿ ಸುತ್ತಿಯೇ ಹೋದರು. ಕೋಲೂರುತ್ತ, ಅಲ್ಲಲ್ಲಿ ಕಟ್ಟೆಗಳ ಮೇಲೆ ಕೂತು ದಣಿವಾರಿಸಿಕೊಳ್ಳುತ್ತ ಹೋಗುತ್ತಿದ್ದರು. ಒಂದು ದಿನ ನಾನು ನೀರು ತರುವಾಗ ಯಾರೋ ಅವರನ್ನು ಕೇಳಿದ್ದು ಕಿವಿಗೆ ಬಿತ್ತು: ‘ಮಗ್ಗಲ ಮನೀಗೆ ಹೋಗಾಕ ಇಷ್ಟ ದೂರ ಯಾಕ ಸುತ್ತತೀಯಬೇ?’

ಅತ್ತೆ ಕೋಲನ್ನು ನೆಲಕ್ಕೆ ಕುಕ್ಕಿ ಹೇಳಿದರು: ‘ನಮ್ಮ ಸವಣೂರಾಕಿ ಬ್ಯಾಲಿ ಹಚ್ಯಾಳ. ಆಡು ಹೋಗ್ಲಿ, ಅತ್ತಿ ಸೈತ ನುಸುಳಾಕ ಬರೂದಿಲ್ಲ ನೋಡು!’